ಅನ್ಸ್‌ಗರ್ ಕಾಲದ ಚರ್ಚ್‌ಗಳು ಎಲ್ಲಿ? ಸ್ಕ್ಯಾಂಡಿನೇವಿಯಾದ ಮೊದಲ ಚರ್ಚ್‌ಗಳ ಬಗ್ಗೆ ಬರಹ ಏನು ಹೇಳುತ್ತದೆ, ಮಣ್ಣು ಏನು ಹೇಳುತ್ತದೆ

ಮಣ್ಣುಪದರ:

ವೈಕಿಂಗರ ಹಡಗು, ಕತ್ತಿ, ಲೂಟಿ ಬಗ್ಗೆ ಈ ವೇದಿಕೆಯಲ್ಲಿ ಬೇಕಾದಷ್ಟು ಮಾತಾಗಿದೆ. ಅವರು ಕ್ರೈಸ್ತರಾದ ಕಥೆಯನ್ನು ಯಾರೂ ಎತ್ತಿಲ್ಲ. ನನಗೆ ಜಾಸ್ತಿ ಕುತೂಹಲ ಇರುವುದು ಅಲ್ಲೇ. ಬರಹದಲ್ಲಿ ಇರುವುದು ಒಂದು, ಅಗೆದಾಗ ಸಿಗುವುದು ಇನ್ನೊಂದು. ಎರಡನ್ನೂ ಒಟ್ಟಿಗೆ ಇಟ್ಟು ನೋಡೋಣ ಅಂತ ಈ ಚರ್ಚೆ ಶುರು ಮಾಡುತ್ತಿದ್ದೇನೆ.

ಅನ್ಸ್‌ಗರ್ ಅನ್ನುವ ಪಾದ್ರಿ 829ರ ಸುಮಾರಿಗೆ ಸ್ವೀಡನ್‌ನ ಬಿರ್ಕಾ ಅನ್ನುವ ವ್ಯಾಪಾರದ ಪಟ್ಟಣಕ್ಕೆ ಹೊರಟರು. ದಾರಿಯಲ್ಲಿ ಕಡಲ್ಗಳ್ಳರು ಹಡಗನ್ನು ದೋಚಿದರು. ರಾಜನಿಗೆ ಒಯ್ಯುತ್ತಿದ್ದ ಕಾಣಿಕೆಗಳ ಜೊತೆ ಸುಮಾರು 40 ಪುಸ್ತಕಗಳೂ ಹೋದವು. ಉಳಿದ ದಾರಿಯನ್ನು ನಡೆದೇ ಮುಗಿಸಿ, ನಡುವೆ ದೋಣಿ ಹಿಡಿದು ತಲುಪಿದರು. ಬಿರ್ಕಾದ ಅಧಿಕಾರಿ ಹೆರಿಗರ್ ದೀಕ್ಷಾಸ್ನಾನ ಪಡೆದು ತನ್ನ ಸ್ವಂತ ಜಾಗದಲ್ಲೇ ಚರ್ಚ್ ಕಟ್ಟಿಸಿದ. ಆಮೇಲೆ 850ರ ಹೊತ್ತಿಗೆ ಡೆನ್ಮಾರ್ಕಿನ ರಾಜ ಹೊರಿಕ್ ಹೆಡೆಬಿ ಅನ್ನುವ ವ್ಯಾಪಾರದ ಪಟ್ಟಣದಲ್ಲಿ ಚರ್ಚ್ ಕಟ್ಟಲು ಒಪ್ಪಿದ. ಅವನ ನಂತರ ಬಂದ ಕಿರಿಯ ಹೊರಿಕ್ ರಿಬೆ ಪಟ್ಟಣದಲ್ಲಿ ಜಾಗ ಕೊಟ್ಟ. ಹೆಡೆಬಿಯ ಚರ್ಚ್‌ನಲ್ಲಿ ಗಂಟೆ ಬಾರಿಸಲೂ ಬಿಟ್ಟ. ಅದಕ್ಕೆ ಮುಂಚೆ ಗಂಟೆಯ ಸದ್ದನ್ನು ಅಲ್ಲಿನ ಜನ ಸಹಿಸುತ್ತಿರಲಿಲ್ಲ.

ಇದಿಷ್ಟೂ ನಮಗೆ ಸಿಗುವುದು ಒಬ್ಬರಿಂದಲೇ. ಅನ್ಸ್‌ಗರ್ ಶಿಷ್ಯ ರಿಂಬರ್ಟ್ ಗುರುವಿನ ಜೀವನಚರಿತ್ರೆ ಬರೆದರು. 865ರಲ್ಲಿ ಅನ್ಸ್‌ಗರ್ ತೀರಿಕೊಂಡ ಮೇಲೆ ಅವರ ಆರ್ಚ್‌ಬಿಷಪ್ ಪೀಠದಲ್ಲಿ ಕುಳಿತವರೂ ಇವರೇ.

ಈಗ ಮಣ್ಣಿಗೆ ಬರೋಣ. ಬಿರ್ಕಾದಲ್ಲಿ 19ನೇ ಶತಮಾನದಲ್ಲಿ ಯಾಲ್ಮರ್ ಸ್ಟೋಲ್ಪೆ ಸಾವಿರಕ್ಕೂ ಹೆಚ್ಚು ಸಮಾಧಿಗಳನ್ನು ಅಗೆದರು. ಚರ್ಚ್ ಸಿಗಲಿಲ್ಲ, ಇವತ್ತಿನವರೆಗೂ ಸಿಕ್ಕಿಲ್ಲ. ಹೆಡೆಬಿಯಲ್ಲೂ ಚರ್ಚ್ ಸಿಕ್ಕಿಲ್ಲ. ಆದರೆ ಅಲ್ಲಿನ ಹಳೆಯ ಬಂದರಿನ ಕೆಸರಿನಿಂದ ಒಂದು ಕಂಚಿನ ಗಂಟೆ ಎದ್ದು ಬಂದಿದೆ! ರಿಬೆಯಲ್ಲಿ ಮಾತ್ರ ಕಥೆ ಬೇರೆ. ಕ್ಯಾಥೆಡ್ರಲ್‌ನ ದಕ್ಷಿಣಕ್ಕೆ 2008ರಿಂದ 2012ರವರೆಗೆ ಅಗೆದಾಗ ಸಾಲುಸಾಲಾಗಿ ಸಮಾಧಿಗಳು ಸಿಕ್ಕವು. ತಲೆ ಪಶ್ಚಿಮಕ್ಕೆ, ಕಾಲು ಪೂರ್ವಕ್ಕೆ, ಕ್ರೈಸ್ತರು ಹೂಳುವ ಹಾಗೆ. ಜೊತೆಗೆ ಇಟ್ಟ ವಸ್ತುಗಳು ಇಲ್ಲ. ಅತ್ಯಂತ ಹಳೆಯವು 9ನೇ ಶತಮಾನದ್ದು. ಅಂದರೆ ಅನ್ಸ್‌ಗರ್ ಕಾಲದ್ದೇ. ಅಲ್ಲೂ ಚರ್ಚ್ ಕಟ್ಟಡ ಕೈಗೆ ಸಿಕ್ಕಿಲ್ಲ, ಅದರ ಸುತ್ತ ಮಲಗಿದ ಜನ ಸಿಕ್ಕಿದ್ದಾರೆ.

ನನ್ನ ನಿಲುವು ಇಷ್ಟು. ಈ ವಿಷಯದಲ್ಲಿ ಕಟ್ಟಡಕ್ಕಿಂತ ಸಮಾಧಿಗಳನ್ನು ಹೆಚ್ಚು ನಂಬಬೇಕು. ರಾಜರು, ಬಿಷಪ್‌ಗಳು ಹೇಳಿದ ಕಥೆಗಿಂತ ಮನೆಮಂದಿ ತಮ್ಮವರನ್ನು ಹೇಗೆ ಹೂತರು ಅನ್ನುವುದು ಹೆಚ್ಚು ಹೇಳುತ್ತದೆ. ನಿಮಗೇನನ್ನಿಸುತ್ತದೆ?

ಪಡುವಣ ಗಾಳಿ:

ಒಳ್ಳೆಯ ವಿಷಯ ಎತ್ತಿದ್ದೀರಿ ಸರ್. ಒಂದು ಪ್ರಶ್ನೆ. ಮೂರು ಪಟ್ಟಣದಲ್ಲೂ ಚರ್ಚ್ ಕಟ್ಟಡ ಸಿಕ್ಕಿಲ್ಲ ಅಂದ ಮೇಲೆ ರಿಂಬರ್ಟ್ ಗುರುಭಕ್ತಿಯಿಂದ ಕಟ್ಟಿ ಹೇಳಿದರು ಅನ್ನಬಹುದಲ್ವಾ?

ಮಣ್ಣುಪದರ:

ಅಷ್ಟು ಸುಲಭವಾಗಿ ಅನ್ನಲಾಗದು. ರಿಂಬರ್ಟ್‌ಗೆ ಸ್ವಾರ್ಥ ಇತ್ತು, ನಿಜ. 845ರಲ್ಲಿ ಡೇನರು (ಡೆನ್ಮಾರ್ಕಿನವರು) ಹ್ಯಾಂಬರ್ಗ್ ಪಟ್ಟಣವನ್ನು ಸುಟ್ಟರು. ಅನ್ಸ್‌ಗರ್ ಅವರ ಆರ್ಚ್‌ಬಿಷಪ್ ಪೀಠಕ್ಕೆ ನೆಲೆಯೇ ಇಲ್ಲವಾಯಿತು. ಆಮೇಲೆ ಅದನ್ನು ಬ್ರೆಮೆನ್ ಜೊತೆ ಸೇರಿಸಿದರು. ಕಲೋನ್‌ನ ಆರ್ಚ್‌ಬಿಷಪ್‌ಗಳಿಗೆ ಇದು ಹಿಡಿಸಲಿಲ್ಲ. ಹಾಗಾಗಿ 'ಉತ್ತರದ ನಾಡುಗಳೆಲ್ಲ ನಮ್ಮ ಪೀಠದ ಹೊಣೆ, ಅಲ್ಲಿ ನಾವು ಕೆಲಸ ಮಾಡಿದ್ದೇವೆ' ಎಂದು ತೋರಿಸುವುದು ಇವರಿಗೆ ಬದುಕಿನ ಪ್ರಶ್ನೆ. ಈ ಪೀಠ ಮುಂದೆ ಪೋಪ್ ಹೆಸರಿನ ಪತ್ರಗಳನ್ನು ತಿದ್ದಿದ್ದೂ ಇದೆ.

ಆದರೆ ರಿಂಬರ್ಟ್ ಸೋಲುಗಳನ್ನೂ ಬರೆದಿದ್ದಾರೆ. ಬಿರ್ಕಾಕ್ಕೆ ಹೋದ ಬಿಷಪ್ ಗೌಟ್‌ಬರ್ಟ್‌ರನ್ನು ಜನ ಅಟ್ಟಿದರು, ಅವರ ಬಂಧು ನಿಥಾರ್ಡ್‌ರನ್ನು ಕೊಂದರು. ಆಮೇಲೆ ಸುಮಾರು 7 ವರ್ಷ ಅಲ್ಲಿ ಪಾದ್ರಿಯೇ ಇರಲಿಲ್ಲ. ಬರಿ ಹೊಗಳಿಕೆಗೆ ಕುಳಿತವರು ಇದನ್ನು ಮುಚ್ಚಿಡಬಹುದಿತ್ತು. ಇನ್ನೊಂದು, ಹೆಡೆಬಿಯ ಬಹುಪಾಲು ನೆಲವನ್ನು ಇನ್ನೂ ಅಗೆದೇ ಇಲ್ಲ. ಸಿಕ್ಕಿಲ್ಲ ಅನ್ನುವುದೂ ಇರಲಿಲ್ಲ ಅನ್ನುವುದೂ ಒಂದೇ ಅಲ್ಲ.

ಓದುಗಿತ್ತಿ:

ರಿಂಬರ್ಟ್ ಬರಹದಲ್ಲಿ ನನಗೆ ಅತಿ ಇಷ್ಟವಾದ ಭಾಗ ಫ್ರಿಡೆಬರ್ಗ್ ಕಥೆ. ಪಾದ್ರಿ ಇಲ್ಲದ ಆ ವರ್ಷಗಳಲ್ಲಿ ಬಿರ್ಕಾದಲ್ಲಿ ಇದ್ದ ಮುದುಕಿ ಅವರು. ಸಾಯುವಾಗ ಪ್ರಸಾದ ಕೊಡಲು ಯಾರೂ ಇರುವುದಿಲ್ಲವಲ್ಲ ಎಂದು ದ್ರಾಕ್ಷಾರಸ ಕೊಂಡು ಒಂದು ಪಾತ್ರೆಯಲ್ಲಿ ಎತ್ತಿಟ್ಟಿದ್ದರು. ಕೊನೆಗಾಲದಲ್ಲಿ ಬಾಯಿಗೆ ಹಾಕು ಎಂದು ಮಗಳು ಕಾಟ್ಲಾಗೆ ಹೇಳಿಟ್ಟಿದ್ದರು. ಆಮೇಲೆ ಪಾದ್ರಿಯೊಬ್ಬರು ಬಂದರು, ವಿಧಿ ಸರಿಯಾಗಿಯೇ ನಡೆಯಿತು. ಅಮ್ಮ ತೀರಿದ ಮೇಲೆ ಮಗಳು ಅವರ ಹಣವನ್ನು ಡೋರೆಸ್ಟಾಡ್‌ವರೆಗೆ ಒಯ್ದು ಬಡವರಿಗೆ ಹಂಚಿದಳು. ಬಿರ್ಕಾದಲ್ಲಿ ಬಡವರು ಕಡಿಮೆ, ಡೋರೆಸ್ಟಾಡ್‌ನಲ್ಲಿ ಚರ್ಚ್‌ಗಳೂ ಬಡವರೂ ಬಹಳ ಎಂದು ಅಮ್ಮನೇ ಹೇಳಿದ್ದರಂತೆ.

ಈ ಕಥೆಯಲ್ಲಿ ರಾಜ ಇಲ್ಲ, ಬಿಷಪ್ ಇಲ್ಲ. ಒಂದು ಮನೆ, ಅಮ್ಮ, ಮಗಳು ಅಷ್ಟೇ. ಬಿರ್ಕಾದ ಸಮಾಧಿಗಳಲ್ಲಿ ಶಿಲುಬೆ ಪದಕಗಳು ಸಿಕ್ಕಿರುವುದು ಬಹುತೇಕ ಹೆಂಗಸರ ಸಮಾಧಿಗಳಲ್ಲೇ. 660ನೇ ಸಮಾಧಿಯಲ್ಲಿ ಸಿಕ್ಕ ಬೆಳ್ಳಿಯ ಶಿಲುಬೆ ಅದರಲ್ಲಿ ಪ್ರಸಿದ್ಧ. ಆದರೆ ಪದಕ ಸಿಕ್ಕಿದ ಮಾತ್ರಕ್ಕೆ ಆಕೆ ಕ್ರೈಸ್ತಳು ಅನ್ನಲಾಗದು. ಡೆನ್ಮಾರ್ಕಿನ ಟ್ರೆಂಡ್‌ಗೋರ್ಡನ್‌ನಲ್ಲಿ ಸಿಕ್ಕ ಒಂದು ಅಚ್ಚಿನ ಕಲ್ಲಿನಲ್ಲಿ ಶಿಲುಬೆ ಮತ್ತು ಹಳೆಯ ಧರ್ಮದ ದೇವರು ಥೋರ್‌ನ ಸುತ್ತಿಗೆ ಎರಡನ್ನೂ ಎರಕ ಹೊಯ್ಯಬಹುದಿತ್ತು. ಅಕ್ಕಸಾಲಿಗ ಇಬ್ಬರಿಗೂ ಮಾರುತ್ತಿದ್ದ.

ಲುಂಡ್ ಕನ್ನಡಿಗ:

ನಾನು ಇಲ್ಲೇ ದಕ್ಷಿಣ ಸ್ವೀಡನ್‌ನಲ್ಲಿ ಇರುವುದರಿಂದ ಡೆನ್ಮಾರ್ಕಿನ ಜೆಲ್ಲಿಂಗ್ ನೋಡಿ ಬಂದಿದ್ದೇನೆ. ರಾಜರ ಕಥೆಯನ್ನು ಪೂರ್ತಿ ಬದಿಗೆ ಇಡಬೇಡಿ ಅಂತ ಕೇಳಿಕೊಳ್ಳುತ್ತೇನೆ. ಅಲ್ಲಿ ರಾಜ ಹರಾಲ್ಡ್ ಬ್ಲೂಟೂತ್ 965ರ ಸುಮಾರಿಗೆ ನಿಲ್ಲಿಸಿದ ದೊಡ್ಡ ರೂನ್ ಕಲ್ಲು ಇದೆ (ರೂನ್ ಅಂದರೆ ಅಲ್ಲಿನ ಹಳೆಯ ಲಿಪಿ). ತಂದೆ ಗೋರ್ಮ್, ತಾಯಿ ಥೈರಾ ನೆನಪಿಗೆ ನಿಲ್ಲಿಸಿದ್ದು, ಡೇನರನ್ನು ಕ್ರೈಸ್ತರನ್ನಾಗಿ ಮಾಡಿದವನು ತಾನು ಎಂದು ರಾಜನೇ ಅದರಲ್ಲಿ ಹೇಳಿಸಿದ್ದಾನೆ. ಇದು ನೂರು ವರ್ಷ ಬಿಟ್ಟು ಯಾರೋ ಪಾದ್ರಿ ಬರೆದದ್ದಲ್ಲ. ಅವನ ಕಾಲದ್ದೇ, ಅವನದೇ ಮಾತು.

ಕಲ್ಲಿನ ಎರಡು ಬದಿಗೆ ಎರಡು ದಿಬ್ಬ. ಉತ್ತರದ ದಿಬ್ಬದೊಳಗೆ ಮರದ ಕೋಣೆ ಇದೆ. ಅದರ ಮರಗಳ ವರ್ಷದುಂಗುರ ಎಣಿಸಿದಾಗ 958-959ರಲ್ಲಿ ಕಡಿದದ್ದು ಎಂದು ಗೊತ್ತಾಯಿತು. ಆದರೆ 1820ರಲ್ಲಿ ತೆರೆದಾಗ ಒಳಗೆ ಹೆಣ ಇರಲಿಲ್ಲ. 1970ರ ದಶಕದ ಕೊನೆಯಲ್ಲಿ ಕ್ನೂಡ್ ಕ್ರೋ ಈಗಿನ ಕಲ್ಲಿನ ಚರ್ಚ್‌ನ ನೆಲ ಅಗೆದರು. ಕೆಳಗೆ ಹಿಂದಿನ ಮರದ ಕಟ್ಟಡಗಳ ಗುರುತು ಇತ್ತು. ಒಂದು ಸಮಾಧಿ ಕೋಣೆಯಲ್ಲಿ ಒಬ್ಬ ಗಂಡಸಿನ ಮೂಳೆಗಳು ಜೋಡಣೆ ತಪ್ಪಿ ರಾಶಿಯಾಗಿ ಬಿದ್ದಿದ್ದವು. ಜೊತೆಗೆ ಚಿನ್ನದ ಎಳೆಗಳು, ಬೆಳ್ಳಿಯ ಪಟ್ಟಿತುದಿಗಳು. ಹರಾಲ್ಡ್ ತನ್ನ ಅಪ್ಪನನ್ನು ದಿಬ್ಬದಿಂದ ತೆಗೆದು ಚರ್ಚ್ ಒಳಗೆ ತಂದು ಹೂತ ಎಂದು ಕ್ರೋ ಹೇಳಿದರು. ಬರಹವೂ ಮಣ್ಣೂ ಇಷ್ಟು ಚೆನ್ನಾಗಿ ಕೂಡಿ ಬರುವುದು ಅಪರೂಪ.

ಮಣ್ಣುಪದರ:

ಅಷ್ಟು ಚೆನ್ನಾಗಿ ಕೂಡಿ ಬಂದಾಗಲೇ ಎರಡು ಸಲ ನೋಡಬೇಕು ಸರ್. ಆ ಮೂಳೆಗಳ ಮೇಲೆ ಗೋರ್ಮ್ ಹೆಸರಿಲ್ಲ. ಅತ್ಯಂತ ಕೆಳಗಿನ ಮರದ ಕಟ್ಟಡ ಚರ್ಚೇ ಅಲ್ಲ, ಅರಮನೆಯ ದೊಡ್ಡ ಹಜಾರ ಇರಬಹುದು ಎಂದು ಆಮೇಲಿನ ಸಂಶೋಧಕರು ವಾದಿಸಿದ್ದಾರೆ. 2000ನೇ ಇಸವಿಯಲ್ಲಿ ಆ ಮೂಳೆಗಳನ್ನು ಗೌರವದಿಂದ ಅದೇ ಚರ್ಚ್ ನೆಲದಡಿ ಮತ್ತೆ ಹೂತರು. ವಾದ ಮಾತ್ರ ಮುಗಿದಿಲ್ಲ.

ಇದಕ್ಕಿಂತ ದೊಡ್ಡ ಪಾಠ ಸ್ವೀಡನ್‌ನ ಉಪ್ಸಲದ್ದು. ಬ್ರೆಮೆನ್‌ನ ಪಾದ್ರಿ ಆ್ಯಡಮ್ 1070ರ ದಶಕದಲ್ಲಿ ಉಪ್ಸಲದ ಹಳೆಯ ಧರ್ಮದ ದೇವಾಲಯವನ್ನು ವರ್ಣಿಸಿದ್ದಾರೆ. ಎಲ್ಲಾ ಚಿನ್ನದ್ದು, 9 ವರ್ಷಕ್ಕೊಮ್ಮೆ ಬಲಿ, ಮರಗಳಿಗೆ ನೇತುಹಾಕಿದ ಹೆಣಗಳು. ಆ್ಯಡಮ್ ಅಲ್ಲಿಗೆ ಹೋಗಿರಲಿಲ್ಲ, ಬೇರೆಯವರಿಂದ ಕೇಳಿ ಬರೆದದ್ದು. 1926ರಲ್ಲಿ ಸುನೆ ಲಿಂಡ್‌ಕ್ವಿಸ್ಟ್ ಹಳೆಯ ಉಪ್ಸಲದ ಚರ್ಚ್ ಕೆಳಗೆ ಅಗೆದಾಗ ಕಂಬ ನಿಲ್ಲಿಸಿದ್ದ ಗುಂಡಿಗಳು ಸಿಕ್ಕವು. ಅವುಗಳನ್ನು ಗೆರೆ ಎಳೆದು ಜೋಡಿಸಿದರು. ಚೌಕಾಕಾರದ ಭವ್ಯ ದೇವಾಲಯದ ಚಿತ್ರ ಎದ್ದು ನಿಂತಿತು, ದಶಕಗಟ್ಟಲೆ ಪುಸ್ತಕಗಳಲ್ಲಿ ಅದೇ ಬಂತು. 1990ರ ದಶಕದಲ್ಲಿ ಹಳೆಯ ನಕ್ಷೆ, ಟಿಪ್ಪಣಿಗಳನ್ನು ಮತ್ತೆ ಪರಿಶೀಲಿಸಿದಾಗ ಆ ಗುಂಡಿಗಳೆಲ್ಲ ಒಂದೇ ಕಾಲದವಲ್ಲ ಎಂದು ತಿಳಿಯಿತು. ಕೆಲವು ಹಿಂದಿನ ಮರದ ಚರ್ಚಿನವೇ ಇರಬಹುದು. ಆ್ಯಡಮ್ ಬರಹ ತಲೆಯಲ್ಲಿ ಇಲ್ಲದೆ ಹೋಗಿದ್ದರೆ ಆ ಗುಂಡಿಗಳನ್ನು ಹಾಗೆ ಜೋಡಿಸುತ್ತಿದ್ದರಾ? ನನಗಂತೂ ಅನುಮಾನ.

ಮರಗೆಲಸ:

ನಾನು ಕಟ್ಟಡದ ಕಡೆಯವನು. ಗುಂಡಿಗಳ ವಿಷಯ ಬಂತಲ್ಲ, ಅದಕ್ಕೆ ಒಂದೆರಡು ಮಾತು.

ಮೊದಲ ಚರ್ಚ್‌ಗಳಲ್ಲಿ ಕಂಬದ ಬುಡವನ್ನು ನೇರ ಮಣ್ಣಿನಲ್ಲಿ ಹೂಳುತ್ತಿದ್ದರು. ಆ ತೇವದಲ್ಲಿ ಬುಡ ಕೊಳೆಯದೆ ಇರುವುದಿಲ್ಲ. ಕಟ್ಟಡ ಹೋದ ಮೇಲೆ ಉಳಿಯುವುದು ಬಣ್ಣ ಬದಲಾದ ಮಣ್ಣಿನ ಗುಂಡಿ ಮಾತ್ರ. ಆಮೇಲೆ ಕಲ್ಲಿನ ಪಾಯದ ಮೇಲೆ ಅಡ್ಡ ತೊಲೆ ಇಟ್ಟು, ಅದರ ಮೇಲೆ ಕಂಬ ನಿಲ್ಲಿಸಲು ಕಲಿತರು. ಮರಕ್ಕೆ ಮಣ್ಣು ಸೋಂಕದೆ ಇದ್ದದ್ದರಿಂದ ಅವು ನಿಂತವು. ನಾರ್ವೆಯಲ್ಲಿ ಇವತ್ತು ಉಳಿದಿರುವ 28 ಸ್ಟೇವ್ ಚರ್ಚ್‌ಗಳು (ನೆಟ್ಟಗೆ ನಿಲ್ಲಿಸಿದ ಕಂಬ, ಹಲಗೆಗಳ ಮರದ ಚರ್ಚ್‌ಗಳು) ಈ ಎರಡನೆಯ ಬಗೆಯವು. ಆದ್ದರಿಂದ ಮೊದಲ ತಲೆಮಾರಿನ ಚರ್ಚ್ ಹೇಗಿತ್ತು ಎಂದು ನಿಂತಿರುವ ಚರ್ಚ್ ನೋಡಿ ತಿಳಿಯಲಾಗದು. ಅದರ ನೆಲದಡಿ ನೋಡಬೇಕು.

ಊರ್ನೆಸ್ ಚರ್ಚ್ ಇದಕ್ಕೆ ಒಳ್ಳೆಯ ಉದಾಹರಣೆ. ಈಗಿನ ಕಟ್ಟಡ 1130ರ ಸುಮಾರಿನದು. ಆದರೆ ಉತ್ತರದ ಗೋಡೆಯಲ್ಲಿ ಇರುವ ಬಾಗಿಲಿನ ಕೆತ್ತನೆ, ಆ ಹೆಣೆದುಕೊಂಡ ಪ್ರಾಣಿಗಳು, ಅದಕ್ಕಿಂತ ಹಳೆಯ ಚರ್ಚಿನವು. ಬಿಚ್ಚಿ ತಂದು ಹೊಸ ಗೋಡೆಗೆ ಕೂಡಿಸಿದ್ದಾರೆ. ಹೋಕಾನ್ ಕ್ರಿಸ್ಟಿ 1950ರ ದಶಕದಲ್ಲಿ ನೆಲ ಅಗೆದಾಗ ಹಿಂದಿನ ಚರ್ಚ್‌ನ ಕಂಬದ ಗುಂಡಿಗಳೂ ಸಿಕ್ಕವು. ಮರಗೆಲಸದವರು ಒಳ್ಳೆಯ ಕೆತ್ತನೆಯನ್ನು ಸುಮ್ನೆ ಎಸೆಯುವುದಿಲ್ಲ, ಯಾವ ಊರಾದರೇನು.

ಕಾನೂನು ಓದು:

ರಿಂಬರ್ಟ್, ಆ್ಯಡಮ್ ಬಂದರು. ಯಾರೂ ಹಳೆಯ ಕಾನೂನುಗಳನ್ನು ಎತ್ತಲಿಲ್ಲ. ಸಮಾಧಿ ಓದಲು ಅವುಗಳಷ್ಟು ಉಪಯೋಗಕ್ಕೆ ಬರುವ ಬರಹ ಇನ್ನೊಂದಿಲ್ಲ.

ಪೂರ್ವ ನಾರ್ವೆಯ ಬೋರ್ಗರ್‌ತಿಂಗ್ ಕಾನೂನು ಚರ್ಚ್ ಅಂಗಳದಲ್ಲಿ ಯಾರನ್ನು ಎಲ್ಲಿ ಹೂಳಬೇಕು ಎಂದು ಅಂತಸ್ತಿನ ಪ್ರಕಾರ ಹೇಳುತ್ತದೆ. ದೊಡ್ಡವರು ಚರ್ಚ್‌ಗೆ ಹತ್ತಿರ, ಸೂರಿನ ಅಂಚಿನ ಬಳಿ. ಅಂತಸ್ತು ಇಳಿದ ಹಾಗೆ ದೂರ ದೂರ. ಗುಲಾಮರು ಅಂಗಳದ ಬೇಲಿಗೆ ಒತ್ತಿ. ಅದೇ ಸಾಲಿನಲ್ಲಿ ಇನ್ನೊಬ್ಬರಿಗೂ ಜಾಗ ಇದೆ: ಕಡಲಲ್ಲಿ ತೇಲಿ ದಡಕ್ಕೆ ಬಂದ ಹೆಣ, ಅದರ ತಲೆಗೂದಲು ನಾರ್ವೆಯವರ ಹಾಗೆ ಕತ್ತರಿಸಿದ್ದರೆ. ಪಶ್ಚಿಮದ ಗುಲಾತಿಂಗ್ ಕಾನೂನಿನ ಪ್ರಕಾರ ಪಾತಕಿಗಳಿಗೆ ಅಂಗಳದಲ್ಲಿ ಜಾಗವೇ ಇಲ್ಲ. ಅವರನ್ನು ಕಡಲೂ ಹಸಿರು ಹುಲ್ಲೂ ಕೂಡುವ ಗೆರೆಯಲ್ಲಿ ಹೂಳಬೇಕು. ಹೆಂಗಸರು ಚರ್ಚ್‌ನ ಉತ್ತರಕ್ಕೆ, ಗಂಡಸರು ದಕ್ಷಿಣಕ್ಕೆ ಅನ್ನುವ ನಿಯಮವೂ ಪೂರ್ವದ ಕಾನೂನುಗಳಲ್ಲಿ ಬರುತ್ತದೆ.

ಇವುಗಳ ಕೈಬರಹದ ಪ್ರತಿಗಳು ತಡವಾಗಿ ಬಂದವು, ಒಪ್ಪುತ್ತೇನೆ. ಆದರೆ ಇವನ್ನು ಅಗೆದು ಪರೀಕ್ಷಿಸಬಹುದು. ಸ್ವೀಡನ್‌ನ ಯಮ್ಟ್‌ಲಾಂಡ್‌ನಲ್ಲಿ ವೆಸ್ಟರ್‌ಹುಸ್ ಅನ್ನುವ ಜಾಗದಲ್ಲಿ 300ಕ್ಕೂ ಹೆಚ್ಚು ಅಸ್ಥಿಪಂಜರಗಳು ಸಿಕ್ಕವು. ಉತ್ತರಕ್ಕೆ ಹೆಂಗಸರು, ದಕ್ಷಿಣಕ್ಕೆ ಗಂಡಸರು. ಬರಹದಲ್ಲಿ ಇದ್ದದ್ದು ಮಣ್ಣಿನಲ್ಲೂ ಇತ್ತು.

ಪಡುವಣ ಗಾಳಿ:

ಗ್ರೀನ್‌ಲ್ಯಾಂಡ್‌ನಲ್ಲೂ ಹಾಗೇ ಇದೆ! ಅಲ್ಲಿ ನೆಲೆಸಿದ ಕೆಂಪು ಎರಿಕ್‌ನ ಸಾಗಾದಲ್ಲಿ (ಸಾಗಾ ಅಂದರೆ ಹಳೆಯ ಗದ್ಯಕಥನ) ಅವನ ಹೆಂಡತಿ ಥ್ಯೋಡ್‌ಹಿಲ್ಡ್ ಮೊದಲು ಕ್ರೈಸ್ತಳಾಗುತ್ತಾಳೆ. ಎರಿಕ್ ಒಪ್ಪುವುದಿಲ್ಲ. ಅವಳು ಮನೆಯಿಂದ ಸ್ವಲ್ಪ ದೂರದಲ್ಲಿ ಚರ್ಚ್ ಕಟ್ಟಿಸಿ, ಗಂಡನ ಜೊತೆ ಮಲಗುವುದನ್ನೂ ಬಿಡುತ್ತಾಳೆ. 1961ರಲ್ಲಿ ಎರಿಕ್‌ನ ತೋಟ ಇದ್ದ ಬ್ರಟ್ಟಾಲಿದ್‌ನಲ್ಲಿ ಶಾಲಾ ಮಕ್ಕಳ ವಸತಿಗೆ ಪಾಯ ತೋಡುವಾಗ ತಲೆಬುರುಡೆಗಳು ಸಿಕ್ಕವು. ಅಗೆದರೆ ಪುಟ್ಟ ಚರ್ಚ್. ಒಳಗಿನ ಅಗಲ ಸುಮಾರು 2 ಮೀಟರ್ ಅಷ್ಟೇ. ಸುತ್ತಲೂ ಹುಲ್ಲಿನ ಬೇರು ಸಮೇತ ಕಡಿದ ಮಣ್ಣಿನ ಹೆಂಟೆಗಳ ಗೋಡೆ. ಅದರ ಸುತ್ತ 140ಕ್ಕೂ ಹೆಚ್ಚು ಜನ. ಜೆಲ್ಲಿಂಗ್ ಅಗೆದ ಕ್ರೋ ಅವರೇ ಅದಕ್ಕೂ ಮುಂಚೆ ಇಲ್ಲಿ ಅಗೆದಿದ್ದರು. ಇಲ್ಲೂ ಹೆಂಗಸರು ಹೆಚ್ಚಾಗಿ ಉತ್ತರಕ್ಕೆ, ಗಂಡಸರು ದಕ್ಷಿಣಕ್ಕೆ.

ಮಣ್ಣುಪದರ ಅವರೇ, ಇದನ್ನಾದರೂ ಥ್ಯೋಡ್‌ಹಿಲ್ಡ್ ಚರ್ಚ್ ಅಂತ ಒಪ್ಪುತ್ತೀರಾ?

ಮಣ್ಣುಪದರ:

ಕಾಲ ಹೊಂದುತ್ತದೆ. ಸ್ಕ್ಯಾಂಡಿನೇವಿಯಾ ಮೂಲದ ನಾರ್ಸ್ ಜನ ಗ್ರೀನ್‌ಲ್ಯಾಂಡ್‌ಗೆ ಬಂದು ನೆಲೆಸಿದ ಆರಂಭದ ದಿನಗಳದ್ದೇ ಅದು. ಹೆಸರು ಮಾತ್ರ ಸಾಗಾದಿಂದ ಬಂದದ್ದು, ಆ ಸಾಗಾ ಬರೆದದ್ದು 13ನೇ ಶತಮಾನದಲ್ಲಿ. ಹಾಗಾಗಿ 'ಎರಿಕ್‌ನ ತೋಟದ ಮೊದಲ ಚರ್ಚ್' ಎಂದರೆ ಖುಷಿಯಾಗಿ ಒಪ್ಪುತ್ತೇನೆ. ಹೆಂಡತಿ ಗಂಡನ ಜಗಳ ಸಾಗಾಕ್ಕೆ ಸೇರಿದ್ದು.

ಅಲ್ಲಿ ನನ್ನ ಮನಸ್ಸು ಹಿಡಿದದ್ದು ಚರ್ಚ್‌ನ ದಕ್ಷಿಣಕ್ಕೆ ಇರುವ ಒಂದು ಗುಂಡಿ. ಅದರಲ್ಲಿ 13 ಜನರ ಮೂಳೆಗಳು ಒಟ್ಟಿಗೆ ಇವೆ, 12 ಗಂಡಸರು, ಒಬ್ಬ ಹುಡುಗ. ದೇಹಗಳಾಗಿ ಅಲ್ಲ, ಬಿಡಿ ಮೂಳೆಗಳಾಗಿ. ಬೇರೆಲ್ಲೋ ಸತ್ತವರನ್ನು ಆಮೇಲೆ ಮೂಳೆಯಾಗಿ ಹೊತ್ತು ತಂದಿದ್ದಾರೆ. ಹಡಗು ಮುಳುಗಿತೋ, ಬೇಟೆಗೆ ಹೋಗಿ ಸತ್ತರೋ, ಯಾವ ಸಾಗಾವೂ ಹೇಳುವುದಿಲ್ಲ. ಆದರೆ ಚರ್ಚ್ ಅಂಗಳದ ಮಣ್ಣಿಗೆ ತಲುಪಿಸಲೇಬೇಕು ಎಂದು ಬದುಕಿದ್ದವರಿಗೆ ಅನ್ನಿಸಿತ್ತು. ನಂಬಿಕೆ ಎಷ್ಟು ಆಳಕ್ಕೆ ಇಳಿದಿತ್ತು ಎಂದು ಅಳೆಯಲು ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ.

ಓದುಗಿತ್ತಿ:

ಮೂಳೆ ಹೊತ್ತು ತರುವ ಮಾತು ಬಂತು, ಐಸ್‌ಲ್ಯಾಂಡ್ ಹೇಳಲೇಬೇಕು. ಅಲ್ಲಿನ ಗ್ರಾಗಾಸ್ ಕಾನೂನಿನಲ್ಲಿ ಚರ್ಚ್ ಬೇರೆ ಕಡೆಗೆ ಹೋದರೆ ಮೂಳೆಗಳನ್ನೂ ಒಯ್ಯಬೇಕು ಎಂದಿದೆ. ಹಣ ಹೂತಿದೆ ಎಂದು ಗೊತ್ತಿದ್ದರೆ ಎಷ್ಟು ಜೋಪಾನವಾಗಿ ಹುಡುಕುತ್ತೀರೋ ಅಷ್ಟೇ ಜೋಪಾನವಾಗಿ ಮೂಳೆ ಹುಡುಕಬೇಕಂತೆ. ಉತ್ತರದ ಸ್ಕಾಗಾಫ್ಯೋರ್ಡ್ ಪ್ರದೇಶದಲ್ಲಿ ಹೀಗೆ ಖಾಲಿ ಮಾಡಿದ ಸಮಾಧಿ ಗುಂಡಿಗಳು ಸಿಕ್ಕಿವೆ. ಎಗಿಲ್ ಸಾಗಾದಲ್ಲಿ ಕವಿ, ಯೋಧ ಎಗಿಲ್‌ನ ಮೂಳೆಗಳು ಮೊದಲು ದಿಬ್ಬದಿಂದ ಚರ್ಚ್‌ಗೆ, ಆಮೇಲೆ ಆ ಚರ್ಚ್‌ನಿಂದ ಇನ್ನೊಂದು ಚರ್ಚ್‌ಗೆ ಹೋಗುತ್ತವೆ. ಮೊದಲೆಲ್ಲ ಇದನ್ನು ಬರಿ ಕಥೆ ಎಂದುಕೊಂಡಿದ್ದವರೂ ಈಗ ಯೋಚಿಸಬೇಕು.

ಐಸ್‌ಲ್ಯಾಂಡ್‌ಗೆ ಇನ್ನೊಂದು ಅನುಕೂಲ ಇದೆ. 1104ರಲ್ಲಿ ಹೆಕ್ಲಾ ಜ್ವಾಲಾಮುಖಿ ಸಿಡಿದು ಬಿಳಿ ಬೂದಿ ಉದುರಿತು. ಆ ಪದರ ಒಡೆಯದೆ ಮೇಲೆ ಹಾಸಿದ್ದರೆ ಕೆಳಗಿನ ಸಮಾಧಿ ಖಂಡಿತ 1104ಕ್ಕಿಂತ ಹಳೆಯದು. ಹೀಗೆ ನೋಡಿದಾಗ, ಒಂದೊಂದು ತೋಟದ ಮನೆಗೂ ಅದರದೇ ಪುಟ್ಟ ಚರ್ಚ್, ದುಂಡನೆಯ ಗೋಡೆಯ ಸಮಾಧಿ ಅಂಗಳ ಇತ್ತು ಎಂದು ಗೊತ್ತಾಗಿದೆ. ಬಹಳಷ್ಟು ಅಂಗಳಗಳು 1100ರ ಆಸುಪಾಸಿನಲ್ಲಿ ನಿಂತುಹೋದವು. ಚರ್ಚ್ ತೆರಿಗೆ ಬಂದದ್ದೂ ಅದೇ ಹೊತ್ತಿಗೆ, 1097ರ ಸುಮಾರಿಗೆ. ಅಂದರೆ ಮೊದಲ ನೂರು ವರ್ಷ ಚರ್ಚ್ ಮನೆಯವರದು, ಆಮೇಲೆ ಬಿಷಪ್‌ಗಳ ಲೆಕ್ಕಕ್ಕೆ ಸೇರಿತು. 1000ದ ಸುಮಾರಿಗೆ ಇಡೀ ದೇಶ ಸಭೆ ಸೇರಿ ಒಂದೇ ದಿನ ಧರ್ಮ ಬದಲಿಸಿತು ಎಂದು 12ನೇ ಶತಮಾನದ ಚರಿತ್ರೆಕಾರ ಆರಿ ಥೋರ್ಗಿಲ್ಸನ್ ಬರೆದಿದ್ದಾರೆ. ಆದರೆ ಆ ಪುಟ್ಟ ಅಂಗಳಗಳ ಬಗ್ಗೆ ಅವರಲ್ಲಿ ಒಂದು ಮಾತೂ ಇಲ್ಲ.

ಮೈವಾಟ್ನ್ ಸರೋವರದ ಹತ್ತಿರ ಹೋಫ್‌ಸ್ಟಾಡಿರ್‌ನಲ್ಲಿ ಹಸುಗೂಸುಗಳನ್ನು ಚರ್ಚ್ ಗೋಡೆಗೆ ತಾಗುವಷ್ಟು ಹತ್ತಿರ ಹೂತಿದ್ದಾರೆ. ಚರ್ಚ್ ಸೂರು ತಾಗಿ ಪವಿತ್ರವಾದ ಮಳೆನೀರು ಮಗುವಿನ ಮೇಲೆ ಬೀಳಲಿ ಎಂದು ಇರಬಹುದು ಅನ್ನುತ್ತಾರೆ. ಓದಿದ ಮೇಲೆ ಸುಮಾರು ಹೊತ್ತು ಬೇರೇನೂ ಓದಲಾಗಲಿಲ್ಲ ನನಗೆ.

ಮಣ್ಣುಪದರ:

ನೀವು ಹೇಳಿದ ಮನೆಯ ಚರ್ಚ್ ಸ್ವೀಡನ್‌ನಲ್ಲೂ ಇದೆ ಮೇಡಂ. ವೆಸ್ಟರ್‌ಯೋಟ್‌ಲಾಂಡ್‌ನ ವಾರ್ನ್‌ಹೆಮ್. 1150ರಲ್ಲಿ ಸಿಸ್ಟರ್ಸಿಯನ್ ಸನ್ಯಾಸಿಗಳು ಅಲ್ಲಿ ಮಠ ಕಟ್ಟಿದರು, ಬರಹದಲ್ಲಿ ಇರುವುದು ಅದೇ. ಪಕ್ಕದ ದಿಬ್ಬವನ್ನು 2005ರಿಂದ ಮರಿಯಾ ವ್ರೆಟೆಮಾರ್ಕ್ ತಂಡ ಅಗೆಯಿತು. ಮಠಕ್ಕಿಂತ ನೂರು ವರ್ಷ ಹಳೆಯ ಕಲ್ಲಿನ ಚರ್ಚ್, ಅದಕ್ಕೂ ಹಳೆಯ ಕ್ರೈಸ್ತ ಸಮಾಧಿಗಳು ಸಿಕ್ಕವು. ಮೊದಲ ಸಮಾಧಿಗಳು 10ನೇ ಶತಮಾನದವು. ರಾಜ ಓಲೊಫ್ ಸ್ಕೋಟ್‌ಕೊನುಂಗ್ ದೀಕ್ಷಾಸ್ನಾನ ಪಡೆದದ್ದು 1008ರ ಸುಮಾರಿಗೆ ಎಂದು ಪ್ರತೀತಿ. ವಾರ್ನ್‌ಹೆಮ್‌ನ ಮನೆಯವರು ರಾಜನಿಗಾಗಿ ಕಾಯಲಿಲ್ಲ.

ಚರ್ಚ್ ಗೋಡೆಯ ಪಕ್ಕದಲ್ಲೇ ಒಂದು ಕಲ್ಲಿನ ಮುಚ್ಚಳ. ಅದರ ಮೇಲೆ ರೂನ್ ಅಕ್ಷರ: ಕೆಟಿಲ್ ತನ್ನ ಹೆಂಡತಿ, ಥೋರ್ಗಿಲ್ಸ್‌ನ ಸಹೋದರಿ ಕಾಟಾ ನೆನಪಿಗೆ ಮಾಡಿಸಿದ್ದು. ಕೆಳಗೆ ಸುಮಾರು 35 ವರ್ಷದ ಹೆಂಗಸು. ಇಲ್ಲಿ ಹೆಸರು ಸಾಗಾದಿಂದ ಬರಲಿಲ್ಲ, ಸಮಾಧಿಯ ಮೇಲೆಯೇ ಇದೆ. ಈ ಕಾಲದಲ್ಲಿ ಹೆಸರು, ದೇಹ, ಚರ್ಚ್ ಮೂರೂ ಒಟ್ಟಿಗೆ ಸಿಗುವುದು ಬಹಳ ಅಪರೂಪ.

ಲುಂಡ್ ಕನ್ನಡಿಗ:

ಇದನ್ನೆಲ್ಲಾ ಓದಿದ ಮೇಲೆ ಆ್ಯಡಮ್ ಪರವಾಗಿ ಒಂದು ಮಾತು ಹೇಳಲೇಬೇಕು. ಉಪ್ಸಲದಲ್ಲಿ ಅವರನ್ನು ನಂಬಬೇಡಿ, ಸರಿ. ಆದರೆ ಆಗ ಡೆನ್ಮಾರ್ಕಿಗೆ ಸೇರಿದ್ದ ಸ್ಕೋನೆಯಲ್ಲಿ 300 ಚರ್ಚ್, ಶೆಲ್ಯಾಂಡ್ ದ್ವೀಪದಲ್ಲಿ ಅದರ ಅರ್ಧ, ಫ್ಯೂನ್ ದ್ವೀಪದಲ್ಲಿ ಸ್ಕೋನೆಯ ಮೂರನೇ ಒಂದು ಪಾಲು ಎಂದು ಅವರು ಲೆಕ್ಕ ಕೊಟ್ಟಿದ್ದಾರೆ. ಡೆನ್ಮಾರ್ಕಿನ ವಿಷಯದಲ್ಲಿ ಅವರಿಗೆ ಮಾಹಿತಿ ಕೊಟ್ಟವರು ರಾಜ ಸ್ವೆಂಡ್ ಎಸ್ಟ್ರಿಡ್ಸೆನ್. ಆಗ ಕಲ್ಲಿನ ಚರ್ಚ್ ಬೆರಳೆಣಿಕೆಯಷ್ಟು. ಹಾಗಾಗಿ ಈ ಅಂಕಿ ಉಬ್ಬಿಸಿದ್ದು ಅಂತ ಅನ್ನಿಸುವುದು ಸಹಜ.

ಈಗ ಹೋರ್ನಿಂಗ್ ನೋಡಿ. ಯುಟ್‌ಲ್ಯಾಂಡ್‌ನ ಈ ಹಳ್ಳಿಯ ಕಲ್ಲಿನ ಚರ್ಚ್ ಗೋಡೆಯೊಳಗೆ 1887ರಲ್ಲಿ ಒಂದು ಹಲಗೆ ಸಿಕ್ಕಿತು. ಬಣ್ಣ ಬಳಿದ ಹಾವಿನ ಕೆತ್ತನೆ, ಒಳಬದಿಯಲ್ಲಿ ಎಲೆಬಳ್ಳಿ. ಹಿಂದಿನ ಮರದ ಚರ್ಚ್‌ನದು, 1060ರ ದಶಕದ ಆಸುಪಾಸಿನದು. ಅಂದರೆ ಆ್ಯಡಮ್ ಬರೆಯುವಾಗ ನಿಂತಿದ್ದದ್ದು. 1960ರಲ್ಲಿ ಅಗೆದಾಗ ಅದರ ಕಂಬದ ಗುಂಡಿಗಳು ಸಿಕ್ಕವು. ಅವುಗಳ ಕೆಳಗೆ ಒಂದು ಸಮಾಧಿ ದಿಬ್ಬ, ಅದರೊಳಗೆ ಶ್ರೀಮಂತ ಹೆಂಗಸೊಬ್ಬಳ ಕೋಣೆ. ಅಜ್ಜಿಯ ದಿಬ್ಬವನ್ನು ಸಮ ಮಾಡಿ ಮೊಮ್ಮಕ್ಕಳು ಅದರ ಮೇಲೆ ಚರ್ಚ್ ಎಬ್ಬಿಸಿದಂತಿದೆ.

ಲುಂಡ್‌ನಲ್ಲಿ 990ರ ಸುಮಾರಿನ ಶವಪೆಟ್ಟಿಗೆಗಳೇ ಸಿಕ್ಕಿವೆ. ಹಳ್ಳಿಯ ಕಲ್ಲಿನ ಚರ್ಚ್‌ಗಳ ನೆಲ ತೆರೆದಾಗ ಒಂದಲ್ಲ ಒಂದು ಕಡೆ ಹೀಗೆ ಮರದ ಚರ್ಚ್ ಸಿಗುತ್ತಿದೆ. 300 ಸರಿಯಾದ ಎಣಿಕೆಯೋ ದುಂಡಗೆ ಹೇಳಿದ್ದೋ ಬೇರೆ ಮಾತು. ಆದರೆ ಆ ನಾಡಿನ ತುಂಬ ಚರ್ಚ್ ಇದ್ದವು ಎಂದ ರಾಜನ ಮಾತನ್ನು ನಾನು ನಂಬುತ್ತೇನೆ. ಮಣ್ಣುಪದರ ಅವರು ಇದಕ್ಕೂ ತಕರಾರು ತೆಗೆಯುವುದಾದರೆ ಸ್ಕೋನೆಯ ಹಳ್ಳಿಗಳಿಂದಲೇ ಉದಾಹರಣೆ ತರಬೇಕು ಅಂತ ಕೇಳಿಕೊಳ್ಳುತ್ತೇನೆ.

ಮಣ್ಣುಪದರ:

ತಕರಾರು ಇಲ್ಲ ಸರ್. ಇಲ್ಲಿ ಆ್ಯಡಮ್ ಕೇಳಿದ್ದು ಆ ನೆಲ ಆಳುತ್ತಿದ್ದವನನ್ನು, ಉಪ್ಸಲದ ವಿಷಯದಲ್ಲಿ ಕೇಳಿದ್ದು ದೂರದ ಸುದ್ದಿಯನ್ನು. ಒಂದೇ ಪುಸ್ತಕ ಆದರೂ ಪುಟಪುಟಕ್ಕೂ ನಂಬಿಕೆಯ ಅಳತೆ ಬೇರೆ. ಹೋರ್ನಿಂಗ್ ಹೆಂಗಸಿನ ಸಮಾಧಿಯಲ್ಲಿ ಏನೇನಿತ್ತು ಎಂದು ಯಾರಾದರೂ ವಿವರವಾಗಿ ಬರೆಯುತ್ತೀರಾ? ಅವಳನ್ನು ಹೂತ ರೀತಿಯಲ್ಲಿ ಕ್ರೈಸ್ತ ಪದ್ಧತಿ ಎಷ್ಟು, ಹಳೆಯದು ಎಷ್ಟು ಎಂದು ನೋಡಬೇಕಿದೆ.